ಮಕ್ಕಳ ಹೊಟ್ಟೆಯ ಒಳಪೆಟ್ಟು ಮತ್ತು ಕಿರುರಂಧ್ರ ಶಸ್ತ್ರಚಿಕಿತ್ಸೆ

ಚರ್ಮ ಹರಿಯದೆ, ಹೊರಗೆ ರಕ್ತ ಕಾಣಿಸದೆ, ಹೊಟ್ಟೆಯೊಳಗಿನ ಅಂಗಗಳಿಗೆ ಆಗುವ ಗಾಯವನ್ನು ವೈದ್ಯಶಾಸ್ತ್ರದಲ್ಲಿ ಉದರದ ಮೊಂಡುಗಾಯ ಎನ್ನುತ್ತಾರೆ. ಜನರ ಮಾತಿನಲ್ಲಿ ಇದು ಒಳಪೆಟ್ಟು. ಚೂರಿಯಾಗಲಿ ಎತ್ತಿನ ಕೊಂಬಾಗಲಿ ಹೊಟ್ಟೆಯನ್ನು ತೂರಿದಾಗ ಗಾಯದ ದಾರಿ ಕಣ್ಣಿಗೆ ಕಾಣುತ್ತದೆ. ಒಳಪೆಟ್ಟಿನಲ್ಲಿ ಹಾಗಲ್ಲ: ಪೆಟ್ಟಿನ ಬಲವು ಎಷ್ಟೋ ಸಲ ಹೊರಗೆ ಗುರುತನ್ನೇ ಉಳಿಸದೆ ಒಳಕ್ಕೆ ದಾಟಿ, ಗುಲ್ಮ, ಯಕೃತ್ತು, ಮೂತ್ರಪಿಂಡಗಳಂಥ ಗಟ್ಟಿ ಅಂಗಗಳನ್ನು ಸೀಳಬಹುದು, ಇಲ್ಲವೆ ಕರುಳು, ಮೂತ್ರಕೋಶಗಳಂಥ ಟೊಳ್ಳು ಅಂಗಗಳನ್ನು ಒಡೆಯಬಹುದು. ಇಂಥ ಗಾಯಗಳನ್ನು ಹೊಟ್ಟೆಯ ಉದ್ದಕ್ಕೂ ಕೊಯ್ಯದೆ, 3ರಿಂದ 10 ಮಿಲಿಮೀಟರ್ ಅಗಲದ ಕೆಲವು ರಂಧ್ರಗಳ ಮೂಲಕ ದೂರದರ್ಶಕದಂಥ ನಳಿಕೆಯನ್ನೂ ಸಪೂರವಾದ ಉಪಕರಣಗಳನ್ನೂ ಒಳಕ್ಕೆ ಬಿಟ್ಟು ನೋಡುವ ಮತ್ತು ಸರಿಪಡಿಸುವ ವಿಧಾನವೇ ಕಿರುರಂಧ್ರ ಶಸ್ತ್ರಚಿಕಿತ್ಸೆ. ಹೊಟ್ಟೆಯ ಮಟ್ಟಿಗೆ ಇದರ ಮುಖ್ಯ ರೂಪ ಉದರದರ್ಶನ, ಅಂದರೆ ಲ್ಯಾಪ್ರೋಸ್ಕೋಪಿ. ಗಾಯಗೊಂಡ ಮಕ್ಕಳ ಚಿಕಿತ್ಸೆಯಲ್ಲಿ ಅದರ ಸ್ಥಾನ ಕಿರಿದು, ಆದರೆ ಖಚಿತವಾದದ್ದು. ಗಟ್ಟಿ ಅಂಗಗಳಿಗೆ ಪೆಟ್ಟಾದ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಯಾವ ಶಸ್ತ್ರಚಿಕಿತ್ಸೆಯೂ ಬೇಕಾಗುವುದಿಲ್ಲ. ರಕ್ತಸ್ರಾವದಿಂದ ಕುಸಿಯುತ್ತಿರುವ ಕೆಲವರಿಗೆ ತಡಮಾಡದೆ ಹೊಟ್ಟೆ ತೆರೆಯಲೇಬೇಕು. ಈ ಎರಡು ತುದಿಗಳ ನಡುವೆ ಉಳಿಯುವ, ಸ್ಥಿತಿ ಸ್ಥಿರವಾಗಿದ್ದರೂ ರೋಗನಿರ್ಣಯ ಸಂದಿಗ್ಧವಾಗಿರುವ ಮಕ್ಕಳಿಗೆ ಈ ವಿಧಾನ ಸಲ್ಲುತ್ತದೆ.

ಪೆಟ್ಟಿನ ಬಗೆ ಮತ್ತು ಪ್ರದೇಶ

ಮಕ್ಕಳ ಹೊಟ್ಟೆಗೆ ಪೆಟ್ಟು ಬೀಳುವ ರೀತಿ ಅವರು ಬೆಳೆಯುವ ಊರಿನ ದುಡಿಮೆ, ಮನೆ, ರಸ್ತೆಗಳನ್ನು ಅವಲಂಬಿಸಿರುತ್ತದೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆ ಇದಕ್ಕೆ ಒಳ್ಳೆಯ ಉದಾಹರಣೆ. ಜಿಲ್ಲೆಯ ಪೂರ್ವ ಭಾಗದ ಗಂಗಾವತಿ, ಸಿದ್ದಾಪುರ, ಕಾರಟಗಿಗಳು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾಗಿವೆ. ಇಲ್ಲಿ ಸುಗ್ಗಿಯ ದಿನಗಳಲ್ಲಿ ಭತ್ತ ಕೊಯ್ಯುವ ಯಂತ್ರಗಳು, ಟ್ರ್ಯಾಕ್ಟರ್ ಟ್ರೇಲರುಗಳು, ಅಕ್ಕಿ ಗಿರಣಿಗಳಿಗೆ ಹೋಗುವ ಲಾರಿಗಳು ಊರ ನಡುವಿನ ರಸ್ತೆಯಲ್ಲೇ ಓಡಾಡುತ್ತವೆ. ಪಶ್ಚಿಮ ಮತ್ತು ಉತ್ತರಕ್ಕಿರುವ ಯಲಬುರ್ಗಾ, ಕುಷ್ಟಗಿ ಭಾಗಗಳು ಬಹುಮಟ್ಟಿಗೆ ಒಣಬೇಸಾಯದ ಸೀಮೆ. ಅಲ್ಲಿ ಎತ್ತು, ಬಂಡಿ, ಮಣ್ಣಿನ ಮಾಳಿಗೆಯ ಮನೆ ಇನ್ನೂ ಬದುಕಿನ ಭಾಗ. ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕುಳಿತು ಹೋಗುವ ಮಗು ಗುಂಡಿಯ ಕುಲುಕಿಗೆ ಕೆಳಗುರುಳುವುದು, ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತ ಮಗು ಹ್ಯಾಂಡಲಿಗೆ ಬಡಿಯುವುದು, ತಡೆಗೋಡೆ ಇಲ್ಲದ ಮಾಳಿಗೆಯಿಂದಲೋ ಹುಣಸೆ ಮರದಿಂದಲೋ ಬೀಳುವುದು, ಎತ್ತು ಒದೆಯುವುದು, ಮಳೆಗಾಲದಲ್ಲಿ ನೆನೆದ ಮಣ್ಣಿನ ಗೋಡೆ ಕುಸಿಯುವುದು – ಗ್ರಾಮೀಣ ಕರ್ನಾಟಕದಲ್ಲಿ ಒಳಪೆಟ್ಟಿನ ದಾರಿಗಳು ಇವು. ಪಾಶ್ಚಾತ್ಯ ಪಠ್ಯಗ್ರಂಥಗಳಲ್ಲಿ ಪ್ರತ್ಯೇಕ ಅಧ್ಯಾಯವನ್ನೇ ಪಡೆದಿರುವ ಸೀಟ್‌ಬೆಲ್ಟ್ ಗಾಯ ಇಲ್ಲಿ ಅಪರೂಪ, ಏಕೆಂದರೆ ಹಿಂದಿನ ಸೀಟಿನ ಮಗುವಿಗೆ ಬೆಲ್ಟ್ ಹಾಕುವ ರೂಢಿಯೇ ಅಪರೂಪ.

ಇವುಗಳಲ್ಲಿ ಸೈಕಲ್ ಹ್ಯಾಂಡಲಿನ ಪೆಟ್ಟಿಗೆ ವಿಶೇಷ ಗಮನ ಬೇಕು. ಕರ್ನಾಟಕ ಸರ್ಕಾರ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲು ತೊಡಗಿದ ಮೇಲೆ ಹಳ್ಳಿಯ ಎಷ್ಟೋ ಮನೆಗಳಿಗೆ ಸೈಕಲ್ ಬಂದಿತು; ಅದನ್ನು ಓಡಿಸಿದವರು ಎಂಟನೆಯ ತರಗತಿಯವರಷ್ಟೇ ಅಲ್ಲ, ಕಾಲು ನೆಲಕ್ಕೆ ಎಟುಕದ ತಮ್ಮಂದಿರೂ ಹೌದು. ವೇಗ ಕಡಿಮೆಯಿದ್ದರೂ, ಬೀಳುವಾಗ ತಿರುಗಿ ನಿಂತ ಹ್ಯಾಂಡಲಿನ ತುದಿ ಮೇಲ್ಹೊಟ್ಟೆಗೆ ಒತ್ತಿದಾಗ, ಹಿಂದೆ ಬೆನ್ನೆಲುಬು, ಮುಂದೆ ಲೋಹದ ತುದಿ, ನಡುವೆ ಮೇದೋಜ್ಜೀರಕ ಗ್ರಂಥಿ ಮತ್ತು ಮುಂಗರುಳು, ಅಂದರೆ ಜಠರದ ಕೆಳಗಿನ ಸಣ್ಣ ಕರುಳಿನ ಮೊದಲ ಭಾಗ, ಸಿಕ್ಕಿಕೊಳ್ಳುತ್ತವೆ. ಚರ್ಮದ ಮೇಲೆ ಉಳಿಯುವುದು ರೂಪಾಯಿ ನಾಣ್ಯದಷ್ಟು ದುಂಡಗಿನ ಕೆಂಪು ಗುರುತು ಮಾತ್ರ. ಮಗು ಎದ್ದು ಮನೆಗೆ ನಡೆದು ಬರುತ್ತದೆ, ರಾತ್ರಿ ಊಟ ಬೇಡವೆನ್ನುತ್ತದೆ, ಮರುದಿನ ವಾಂತಿ ಮಾಡಿಕೊಳ್ಳುತ್ತದೆ. ಒಳಪೆಟ್ಟುಗಳಲ್ಲಿ ಅತ್ಯಂತ ತಡವಾಗಿ ಪತ್ತೆಯಾಗುವವುಗಳ ಸಾಲಿನಲ್ಲಿ ಇದು ಮುಂದಿದೆ.

ಮಗುವಿನ ದೇಹರಚನೆಯೇ ಹೊಟ್ಟೆಯ ಅಂಗಗಳನ್ನು ಬಯಲಿಗೆ ಒಡ್ಡಿರುತ್ತದೆ. ಹೊಟ್ಟೆಯ ಸ್ನಾಯುಗಳು ತೆಳು, ಕೊಬ್ಬಿನ ಪದರ ಕಡಿಮೆ. ಪಕ್ಕೆಲುಬುಗಳು ಮೃದುವಾದ್ದರಿಂದ ಮುರಿಯದೆ ಬಾಗಿ ಪೆಟ್ಟನ್ನು ಒಳಕ್ಕೆ ದಾಟಿಸುತ್ತವೆ. ಯಕೃತ್ತು ಮತ್ತು ಗುಲ್ಮಗಳು ದೊಡ್ಡವರಿಗಿಂತ ಕೆಳಗೆ ಇಳಿದಿದ್ದು ಪಕ್ಕೆಲುಬಿನ ಆಸರೆಯನ್ನು ಪೂರ್ತಿ ಪಡೆಯುವುದಿಲ್ಲ. ಮೂತ್ರಕೋಶ ಇನ್ನೂ ಕಟಿಕುಹರಕ್ಕೆ ಇಳಿಯದೆ ಹೊಟ್ಟೆಯಲ್ಲೇ ಇರುತ್ತದೆ. ಮಲೇರಿಯದಿಂದ ಊದಿಕೊಂಡ ಗುಲ್ಮವಾದರೆ ಸಣ್ಣ ಏಟಿಗೂ ಒಡೆಯಬಲ್ಲದು ಎಂಬುದು ಕಾಲುವೆ ನೀರಿನ ಪ್ರದೇಶಗಳಲ್ಲಿ ನೆನಪಿಡಬೇಕಾದ ಸಂಗತಿ.

ರಕ್ತನಷ್ಟಕ್ಕೆ ಮಗುವಿನ ದೇಹ ಪ್ರತಿಕ್ರಿಯಿಸುವ ರೀತಿಯೂ ವೈದ್ಯನನ್ನು ದಾರಿ ತಪ್ಪಿಸುವಂಥದ್ದು. ಮಗುವಿನ ದೇಹದಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 80 ಮಿ.ಲೀ. ರಕ್ತವಿರುತ್ತದೆ, 15 ಕಿಲೋ ತೂಗುವ ಮಗುವಿನಲ್ಲಿ ಒಟ್ಟು 1,200 ಮಿ.ಲೀ. ಅದರಲ್ಲಿ ಸುಮಾರು ಶೇ. 30ರಷ್ಟು, ಅಂದರೆ 360 ಮಿ.ಲೀ. ಸೋರಿಹೋಗುವವರೆಗೂ ರಕ್ತದೊತ್ತಡ ಹೆಚ್ಚುಕಡಿಮೆ ಸಹಜವಾಗಿಯೇ ಉಳಿಯಬಹುದು, ಏಕೆಂದರೆ ಹೃದಯ ವೇಗವಾಗಿ ಬಡಿದು, ರಕ್ತನಾಳಗಳು ಬಿಗಿದುಕೊಂಡು ಕೊರತೆಯನ್ನು ಮುಚ್ಚಿಡುತ್ತವೆ. ಮಿತಿ ಮೀರಿದ ಮೇಲೆ ಕುಸಿತ ಒಮ್ಮೆಗೇ ಬರುತ್ತದೆ. ಆದ್ದರಿಂದ ನಾಡಿಯ ವೇಗ, ಕೈಕಾಲುಗಳ ತಣ್ಪು, ಉಗುರನ್ನು ಒತ್ತಿ ಬಿಟ್ಟಾಗ ಕೆಂಪು ಮರಳುವ ವೇಳೆ, ಮೂತ್ರದ ಪ್ರಮಾಣ ಮತ್ತು ಮಗುವಿನ ಮಂಕು – ಇವೇ ನಂಬಿಕೆಯ ಸೂಚಕಗಳು, ಬಿ.ಪಿ. ಯಂತ್ರದ ಅಂಕಿ ಕೊನೆಯದಾಗಿ ಸುದ್ದಿ ಹೇಳುತ್ತದೆ.

ಕೊಯ್ಯದೆ ಕಾಯುವ ಪದ್ಧತಿ

ಗುಲ್ಮ ಸೀಳಿದರೆ ಅದನ್ನು ತೆಗೆದುಹಾಕುವುದೊಂದೇ ಮಾರ್ಗ ಎಂಬ ನಿಯಮ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಪ್ರಶ್ನಾತೀತವಾಗಿತ್ತು. ಗುಲ್ಮವಿಲ್ಲದೆಯೂ ಬದುಕಬಹುದೆಂಬ ಅರಿವು ಆ ನಿಯಮವನ್ನು ಇನ್ನಷ್ಟು ಸಲೀಸು ಮಾಡಿತ್ತು. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶುಮಾಕರ್ ಎಂಬ ವೈದ್ಯರು, ರಕ್ತರೋಗದ ಕಾರಣಕ್ಕೆ ಗುಲ್ಮ ತೆಗೆಸಿಕೊಂಡ ಐದು ಶಿಶುಗಳಿಗೆ ಮುಂದೆ ತೀವ್ರ ಸೋಂಕು ತಗುಲಿದ್ದನ್ನು ವರದಿ ಮಾಡಿದರು. ನ್ಯೂಮೊಕಾಕಸ್‌ನಂಥ, ಹೊರಕವಚವುಳ್ಳ ಬ್ಯಾಕ್ಟೀರಿಯಗಳನ್ನು ರಕ್ತದಿಂದ ಸೋಸಿ ತೆಗೆಯುವ ಕೆಲಸ ಗುಲ್ಮದ್ದೆಂದೂ, ಅದಿಲ್ಲದ ಮಗುವಿಗೆ ಸಾಮಾನ್ಯ ಜ್ವರವೂ ಗಂಟೆಗಳಲ್ಲಿ ಮಾರಕವಾಗಬಹುದೆಂದೂ ಆ ಬಳಿಕ ಸ್ಪಷ್ಟವಾಯಿತು.

ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಅಷ್ಟರಲ್ಲಾಗಲೇ ಗುಲ್ಮ ಸೀಳಿದ ಮಕ್ಕಳನ್ನು ಶಸ್ತ್ರಚಿಕಿತ್ಸೆ ಮಾಡದೆ ಕಾದು ನೋಡುವ ಪರಿಪಾಠ ಮೊದಲಾಗಿತ್ತು. ಅದನ್ನು ಅಂಕಿ ಅಂಶಗಳೊಂದಿಗೆ ಜಗತ್ತಿನ ಮುಂದಿಟ್ಟದ್ದು 1968ರಲ್ಲಿ ಪ್ರಕಟವಾದ ಪಿ. ಉಪಾಧ್ಯಾಯ ಮತ್ತು ಜೆ. ಎಸ್. ಸಿಂಪ್ಸನ್ ಅವರ ಪ್ರಬಂಧ. ಶಸ್ತ್ರಚಿಕಿತ್ಸೆಗೆಂದು ಹೊಟ್ಟೆ ತೆರೆದಾಗಲೂ ಅನೇಕ ಮಕ್ಕಳಲ್ಲಿ ಗುಲ್ಮದ ರಕ್ತಸ್ರಾವ ತಾನಾಗಿ ನಿಂತುಹೋಗಿರುತ್ತಿತ್ತು ಎಂಬ ಗಮನಿಕೆಯೇ ಅವರ ವಾದದ ತಿರುಳು. ಮಗುವಿನ ಗುಲ್ಮದ ಹೊರಪೊರೆ ಅದರ ಗಾತ್ರದ ಲೆಕ್ಕಕ್ಕೆ ದಪ್ಪ ಮತ್ತು ಹಿಗ್ಗುವಂಥದ್ದು. ಸೀಳುಗಳು ಹೆಚ್ಚಾಗಿ ಒಳಗಿನ ರಕ್ತನಾಳಗಳಿಗೆ ಸಮಾನಾಂತರವಾಗಿ ಹೋಗುವುದರಿಂದ ದೊಡ್ಡ ನಾಳಗಳು ತುಂಡಾಗುವುದು ಕಡಿಮೆ. ಈ ಉಪಾಧ್ಯಾಯರು ಮುಂದೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಮಕ್ಕಳ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿದ್ದರು. ಇಂದು ವಿಶ್ವದೆಲ್ಲೆಡೆ ಒಪ್ಪಿತವಾಗಿರುವ ಈ ಪದ್ಧತಿಯ ಮೂಲದಲ್ಲಿ ಭಾರತೀಯ ವೈದ್ಯರೊಬ್ಬರಿದ್ದಾರೆ ಎಂಬುದು ನಮ್ಮ ವೈದ್ಯಕೀಯ ಇತಿಹಾಸಗಳಲ್ಲಿ ತಕ್ಕಷ್ಟು ಕಾಣಿಸಿಲ್ಲ.

ಸಿ.ಟಿ. ಸ್ಕ್ಯಾನ್ ಬಂದ ಮೇಲೆ ಗಾಯದ ಆಳ ಅಳೆಯುವುದು ಸಾಧ್ಯವಾಯಿತು. ಅಮೆರಿಕದ ಅಪಘಾತ ಶಸ್ತ್ರಚಿಕಿತ್ಸಕರ ಸಂಘ 1989ರಲ್ಲಿ ಪ್ರಕಟಿಸಿ, 2018ರಲ್ಲಿ ಪರಿಷ್ಕರಿಸಿದ ಮಾಪಕದಲ್ಲಿ ಗುಲ್ಮ, ಯಕೃತ್ತು, ಮೂತ್ರಪಿಂಡದ ಗಾಯಗಳಿಗೆ ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ. ಗುಲ್ಮದಲ್ಲಿ ಒಂದು ಸೆಂಟಿಮೀಟರಿಗಿಂತ ಕಡಿಮೆ ಆಳದ ಸೀಳು ಮೊದಲ ದರ್ಜೆಯದು, ಚೂರುಚೂರಾದ ಅಂಗ ಐದನೆಯದು. 2000ದಲ್ಲಿ ಅಮೆರಿಕದ ಮಕ್ಕಳ ಶಸ್ತ್ರಚಿಕಿತ್ಸಕರ ಸಂಘವು ದರ್ಜೆಗೆ ಒಂದು ಕೂಡಿಸಿದಷ್ಟು ದಿನ ಆಸ್ಪತ್ರೆವಾಸ, ಎರಡು ಕೂಡಿಸಿದಷ್ಟು ವಾರ ಆಟೋಟಗಳಿಂದ ವಿಶ್ರಾಂತಿ ಎಂಬ ಸರಳ ಸೂತ್ರ ಕೊಟ್ಟಿತು. ಅನಂತರದ ಮಾರ್ಗಸೂಚಿಗಳು ಚಿತ್ರದಲ್ಲಿ ಕಾಣುವ ದರ್ಜೆಗಿಂತ ಮಗುವಿನ ನಾಡಿ, ರಕ್ತದೊತ್ತಡ, ಹಿಮೊಗ್ಲೋಬಿನ್‌ಗಳ ಸ್ಥಿರತೆಗೆ ಹೆಚ್ಚು ಬೆಲೆ ಕೊಟ್ಟು ಆಸ್ಪತ್ರೆಯ ದಿನಗಳನ್ನು ಇನ್ನೂ ಇಳಿಸಿವೆ. ಕಾಯುವುದೆಂದರೆ ಸುಮ್ಮನಿರುವುದಲ್ಲ: ಗಂಟೆಗಂಟೆಗೆ ಅದೇ ವೈದ್ಯರ ಕೈ ಹೊಟ್ಟೆ ಮುಟ್ಟಿ ನೋಡುವುದು, ಹೊಂದುವ ರಕ್ತವನ್ನು ಸಿದ್ಧವಾಗಿಟ್ಟುಕೊಳ್ಳುವುದು, ಅಗತ್ಯ ಬಿದ್ದ ಕ್ಷಣ ಆಪರೇಷನ್ ಥಿಯೇಟರಿಗೆ ಕರೆದೊಯ್ಯಲು ಸಾಧ್ಯವಿರುವುದು – ಈ ಮೂರೂ ಇದ್ದರೆ ಮಾತ್ರ ಅದನ್ನು ಚಿಕಿತ್ಸೆ ಎನ್ನಬಹುದು.

ರೋಗನಿರ್ಣಯ

ಜನರು ಸಾಮಾನ್ಯವಾಗಿ ಸ್ಕ್ಯಾನಿಂಗ್ ಎನ್ನುವ ಅಲ್ಟ್ರಾಸೌಂಡ್ ಪರೀಕ್ಷೆ ಹೊಟ್ಟೆಯಲ್ಲಿ ದ್ರವ ಸೇರಿದೆಯೇ ಎಂಬುದನ್ನು ಕೆಲವೇ ನಿಮಿಷಗಳಲ್ಲಿ ಹೇಳುತ್ತದೆ. ಆದರೆ ಮಕ್ಕಳಲ್ಲಿ ದ್ರವ ಕಾಣದಿದ್ದ ಮಾತ್ರಕ್ಕೆ ಗಾಯವಿಲ್ಲವೆಂದು ತೀರ್ಮಾನಿಸಲಾಗದು, ದ್ರವ ಕಂಡ ಮಾತ್ರಕ್ಕೆ ಕೊಯ್ಯಬೇಕಾಗಿಯೂ ಇಲ್ಲ. ರಕ್ತನಾಳಕ್ಕೆ ಬಣ್ಣದ ಔಷಧಿ ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನ್ ಗಟ್ಟಿ ಅಂಗಗಳ ಗಾಯವನ್ನು ಸ್ಪಷ್ಟವಾಗಿ ತೋರಿಸುತ್ತದೆ; ಬೆಳೆಯುವ ಮಗುವಿಗೆ ವಿಕಿರಣ ಹಾನಿಕರವಾದ್ದರಿಂದ ಅದನ್ನು ಎಲ್ಲರಿಗೂ ಮಾಡುವಂತಿಲ್ಲ. ಅಮೆರಿಕದಲ್ಲಿ 12,044 ಮಕ್ಕಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವು ಯಾರಿಗೆ ಸ್ಕ್ಯಾನ್ ಬೇಡ ಎಂಬುದನ್ನು ಏಳು ಲಕ್ಷಣಗಳ ಗೈರುಹಾಜರಿಯಿಂದ ನಿರ್ಧರಿಸಿತು. ಹೊಟ್ಟೆಯ ಮೇಲೆ ಪೆಟ್ಟಿನ ಗುರುತಿಲ್ಲ, ಪ್ರಜ್ಞೆ ಮಸುಕಾಗಿಲ್ಲ, ಮುಟ್ಟಿದರೆ ನೋವಿಲ್ಲ, ಎದೆಗೂಡಿಗೆ ಗಾಯವಿಲ್ಲ, ಮಗು ಹೊಟ್ಟೆನೋವು ಹೇಳುತ್ತಿಲ್ಲ, ಉಸಿರಿನ ಸದ್ದು ಕುಗ್ಗಿಲ್ಲ, ವಾಂತಿಯಿಲ್ಲ ಎಂದಾದರೆ ತುರ್ತು ಚಿಕಿತ್ಸೆ ಬೇಕಾಗುವ ಗಾಯದ ಸಂಭವ ತೀರ ಕಡಿಮೆ. ಈ ಏಳನ್ನೂ ನೋಡಲು ಯಂತ್ರ ಬೇಡ, ಪ್ರಾಥಮಿಕ ಆರೋಗ್ಯ ಕೇಂದ್ರದ ಹಾಸಿಗೆ ಸಾಕು. ತಾಲ್ಲೂಕು ಮಟ್ಟದ ವೈದ್ಯರಿಗೆ ಈ ಅಧ್ಯಯನ ಇಷ್ಟು ಉಪಯುಕ್ತವಾಗಿರುವುದು ಅದಕ್ಕಾಗಿಯೇ.

ಸಿ.ಟಿ. ಸೋಲುವುದು ಟೊಳ್ಳು ಅಂಗಗಳಲ್ಲಿ. ಕರುಳಿನ ಸಣ್ಣ ತೂತು ಮೊದಲ ಗಂಟೆಗಳಲ್ಲಿ ಗಾಳಿಯನ್ನೂ ಹೊರಬಿಡದೆ ಇರಬಹುದು. ಮೇದೋಜ್ಜೀರಕ ಗ್ರಂಥಿಯ ಬಿರುಕು ಮೊದಲ ದಿನ ಚಿತ್ರದಲ್ಲಿ ಮೂಡದೆ, ಅಮೈಲೇಸ್, ಲೈಪೇಸ್ ಎಂಬ ಕಿಣ್ವಗಳ ಏರಿಕೆಯಲ್ಲಿ ಮಾತ್ರ ಸುಳಿವು ಕೊಡಬಹುದು. ಯಾವ ಗಟ್ಟಿ ಅಂಗಕ್ಕೂ ಗಾಯವಿಲ್ಲದೆ ಹೊಟ್ಟೆಯಲ್ಲಿ ದ್ರವ ತುಂಬಿದ್ದರೆ, ನೋವು ಗಂಟೆಗಂಟೆಗೆ ಹೆಚ್ಚುತ್ತಿದ್ದರೆ, ಜ್ವರ ಕಾಣಿಸಿಕೊಂಡರೆ ಕರುಳು ಒಡೆದಿರುವ ಶಂಕೆ ಬಲವಾಗುತ್ತದೆ. ಕಿರುರಂಧ್ರ ವಿಧಾನ ಬಳಕೆಗೆ ಬರುವ ಮೊದಲು ಇಂಥ ಮಗುವಿನ ಮುಂದೆ ಎರಡೇ ದಾರಿಗಳಿದ್ದವು: ಖಾತ್ರಿಯಾಗುವವರೆಗೆ ಕಾದು ಹೊಟ್ಟೆಯಲ್ಲಿ ಕೀವು ಹರಡಲು ಬಿಡುವುದು, ಇಲ್ಲವೆ ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು, ಏನೂ ಇಲ್ಲವೆಂದು ಕಂಡರೆ ಮತ್ತೆ ಹೊಲಿಯುವುದು. ಏನೂ ಸಿಗದ ಆ ಕೊಯ್ತವೂ ಹಾನಿಯಿಲ್ಲದ್ದಲ್ಲ. ಕರುಳಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವರ್ಷಗಳ ಮೇಲೆ ಕರುಳುಕಟ್ಟು ಉಂಟಾಗುವ ಅಪಾಯವನ್ನು ಆ ಮಗು ಜೀವನವಿಡೀ ಹೊತ್ತಿರುತ್ತದೆ.

ಉದರದರ್ಶಕ ಮತ್ತು ಅದರ ಬಳಕೆ

ಹೊಟ್ಟೆಗೆ ಗಾಳಿ ತುಂಬಿ ನಳಿಕೆಯಿಂದ ಒಳಗೆ ನೋಡುವ ಪ್ರಯೋಗವನ್ನು 1901ರಲ್ಲಿ ಜರ್ಮನಿಯ ಜಾರ್ಜ್ ಕೆಲ್ಲಿಂಗ್ ನಾಯಿಯ ಮೇಲೂ, 1910ರಲ್ಲಿ ಸ್ವೀಡನ್ನಿನ ಯಾಕೋಬೆಯಸ್ ಮನುಷ್ಯರಲ್ಲೂ ಮಾಡಿದರು. ಬಹುಕಾಲ ಇದು ನೋಡುವುದಕ್ಕಷ್ಟೇ ಸೀಮಿತವಾಗಿತ್ತು. ಜರ್ಮನಿಯ ಕುರ್ಟ್ ಸೆಮ್ 1980ರಲ್ಲಿ ಅಪೆಂಡಿಕ್ಸನ್ನೂ ಎರಿಕ್ ಮ್ಯೂಹೆ 1985ರಲ್ಲಿ ಪಿತ್ತಕೋಶವನ್ನೂ ಈ ಮಾರ್ಗದಲ್ಲಿ ತೆಗೆದ ಮೇಲೆ ಅದು ಶಸ್ತ್ರಚಿಕಿತ್ಸೆಯ ವಿಧಾನವಾಯಿತು. ಭಾರತದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹೆಮ್ಟನ್ ಉದ್ವಾಡಿಯಾ ಅವರು ಮೊದಲ ಬಾರಿಗೆ ಪಿತ್ತಕೋಶವನ್ನು ಹೀಗೆ ತೆಗೆದರು. ಅದಕ್ಕೆ ಬಹಳ ಮೊದಲೇ, 1970ರ ದಶಕದಿಂದಲೇ, ಸರ್ಕಾರಿ ಆಸ್ಪತ್ರೆಯ ಬಡರೋಗಿಗಳಲ್ಲಿ ರೋಗನಿರ್ಣಯಕ್ಕಾಗಿ ಉದರದರ್ಶಕವನ್ನು ಬಳಸುತ್ತ, ದುಬಾರಿ ಪರೀಕ್ಷೆಗಳಿಲ್ಲದ ಕಡೆಯೇ ಅದು ಹೆಚ್ಚು ಬೇಕಾದ ಸಾಧನವೆಂದು ವಾದಿಸಿದ್ದರು. ಮಕ್ಕಳ ಮಟ್ಟಿಗೆ ಅದೇ ದಶಕದಲ್ಲಿ ಅಮೆರಿಕದ ಸ್ಟೀಫನ್ ಗ್ಯಾನ್ಸ್ ದಾರಿ ತೋರಿದರು. ಕರ್ನಾಟಕದ ಹಳ್ಳಿಗಳಿಗೆ ಲ್ಯಾಪ್ರೋಸ್ಕೋಪ್ ಎಂಬ ಹೆಸರು ತಲುಪಿದ್ದು ಮಾತ್ರ ಬೇರೆ ದಾರಿಯಲ್ಲಿ: ಹೆಣ್ಣುಮಕ್ಕಳ ಸಂತಾನಹರಣ ಶಿಬಿರಗಳ ಮೂಲಕ.

ಗಾಯಗೊಂಡ ಮಗುವಿಗೆ ಈ ಚಿಕಿತ್ಸೆ ನಡೆಯುವುದು ಪೂರ್ಣ ಅರಿವಳಿಕೆಯಲ್ಲಿ, ಉಸಿರುನಾಳಕ್ಕೆ ಕೊಳವೆ ಹಾಕಿದ ಮೇಲೆ. ಜಠರ ಮತ್ತು ಮೂತ್ರಕೋಶಗಳನ್ನು ಕೊಳವೆಯಿಂದ ಬರಿದು ಮಾಡಲಾಗುತ್ತದೆ. ಟೇಬಲನ್ನು ಎಡಕ್ಕೂ ಬಲಕ್ಕೂ ವಾಲಿಸಬೇಕಾಗುವುದರಿಂದ ಮಗುವನ್ನು ಮೆತ್ತನೆಯ ಪಟ್ಟಿಗಳಿಂದ ಭದ್ರಪಡಿಸುತ್ತಾರೆ. ಹೊಟ್ಟೆ ತೆರೆಯುವ ಉಪಕರಣಗಳ ಪೂರ್ತಿ ಸೆಟ್ ಪಕ್ಕದಲ್ಲೇ ಬಿಚ್ಚಿಟ್ಟಿರಬೇಕು. ಮಗುವಿನ ಹೊಟ್ಟೆಯ ಗೋಡೆಯಿಂದ ಮಹಾಧಮನಿಗೆ ಇರುವ ಅಂತರ ಕೆಲವೇ ಸೆಂಟಿಮೀಟರ್ ಆದ್ದರಿಂದ ಸೂಜಿಯನ್ನು ಕುರುಡಾಗಿ ಚುಚ್ಚದೆ, ಹೊಕ್ಕುಳಲ್ಲಿ ಸಣ್ಣ ಗೆರೆ ಕೊಯ್ದು, ಕಣ್ಣಾರೆ ಕಂಡು ಮೊದಲ ನಳಿಕೆ ಇಳಿಸುವುದು ಸುರಕ್ಷಿತ. ಅದರ ಮೂಲಕ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಒತ್ತಡ ಶಿಶುಗಳಲ್ಲಿ 6–8, ದೊಡ್ಡ ಮಕ್ಕಳಲ್ಲಿ 8–12 ಮಿ.ಮೀ. ಪಾದರಸ ಮೀರದಂತೆ ನೋಡಿಕೊಳ್ಳಬೇಕು. ಆಮೇಲೆ 5 ಮಿ.ಮೀ. ಅಥವಾ ಅದಕ್ಕೂ ಸಪೂರವಾದ ದರ್ಶಕ, ಮತ್ತೆರಡು ರಂಧ್ರಗಳಿಂದ ಚಿಮುಟಗಳು.

ನೋಡುವ ಕ್ರಮದಲ್ಲಿ ಶಿಸ್ತು ತಪ್ಪಿದರೆ ಗಾಯ ಕಣ್ತಪ್ಪುತ್ತದೆ. ಉದರದರ್ಶನದ ಮೇಲೆ ಬಂದ ಹಳೆಯ ಆಕ್ಷೇಪಣೆಗಳಲ್ಲಿ ಮುಖ್ಯವಾದದ್ದು ಇದೇ. ಮೊದಲು ಸೇರಿದ ರಕ್ತ, ಪಿತ್ತ, ಕರುಳಿನ ದ್ರವವನ್ನು ಹೀರಿ ತೆಗೆದು ಅದರ ಬಣ್ಣ ಗಮನಿಸಬೇಕು. ಯಕೃತ್ತು, ಗುಲ್ಮ, ವಪೆ, ಅಂದರೆ ಎದೆ ಹೊಟ್ಟೆಗಳ ನಡುವಿನ ಸ್ನಾಯುಪರದೆ, ಇವುಗಳನ್ನು ನೋಡಿ, ಬಳಿಕ ಸಣ್ಣ ಕರುಳನ್ನು ಅದು ಮೊದಲಾಗುವ ಜಾಗದಿಂದ ದೊಡ್ಡ ಕರುಳು ಸೇರುವವರೆಗೆ, ಎರಡು ಚಿಮುಟಗಳ ನಡುವೆ ಗೇಣುಗೇಣಾಗಿ ದಾಟಿಸುತ್ತ ಎರಡೂ ಮಗ್ಗುಲನ್ನು ಪರೀಕ್ಷಿಸಬೇಕು. ಜಠರದ ಹಿಂದಿನ ಚೀಲವನ್ನು ತೆರೆದರೆ ಮಾತ್ರ ಮೇದೋಜ್ಜೀರಕ ಗ್ರಂಥಿ ಕಾಣುತ್ತದೆ. ಬೆನ್ನಿನ ಕಡೆ ಅಂಟಿಕೊಂಡ ಮುಂಗರುಳು ಎಲ್ಲಕ್ಕಿಂತ ಕಷ್ಟದ ಜಾಗ. ಅಲ್ಲಿ ಪಿತ್ತದ ಹಸಿರು ಕಲೆ ಅಥವಾ ಗಾಳಿಗುಳ್ಳೆ ಕಂಡು, ತೂತು ಕಾಣದಿದ್ದರೆ, ಹಟ ಹಿಡಿಯದೆ ಹೊಟ್ಟೆ ತೆರೆಯುವುದೇ ವಿವೇಕ.

ಕಿರುರಂಧ್ರಗಳಲ್ಲೇ ಮುಗಿಯಬಲ್ಲ ಕೆಲಸಗಳಲ್ಲಿ ಕರುಳಿನ ತೂತು ಹೊಲಿಯುವುದು ಮೊದಲನೆಯದು. ಅದನ್ನು ಒಳಗೇ ಹೊಲಿಯಬಹುದು. ಇಲ್ಲವೆ ಹೊಕ್ಕುಳ ರಂಧ್ರವನ್ನು ಎರಡು ಮೂರು ಸೆಂಟಿಮೀಟರಿಗೆ ಹಿಗ್ಗಿಸಿ, ಗಾಯವಾದ ಸುರುಳಿಯನ್ನಷ್ಟೇ ಹೊರಗೆಳೆದು, ಹೊಲಿದೋ ಹಾಳಾದ ಭಾಗ ಕತ್ತರಿಸಿ ಜೋಡಿಸಿಯೋ ಮರಳಿ ಒಳಗಿಡಬಹುದು. ಮಗುವಿನ ಹೊಟ್ಟೆಯ ಗೋಡೆ ತೆಳುವಾಗಿ ಹಿಗ್ಗುವಂಥದ್ದಾದ್ದರಿಂದ ಈ ಎರಡನೆಯ ಉಪಾಯ ದೊಡ್ಡವರಿಗಿಂತ ಮಕ್ಕಳಲ್ಲಿ ಸುಲಭ. ಕಡಿಮೆ ಉಪಕರಣ, ಕಡಿಮೆ ವೇಳೆ ಬೇಡುವುದರಿಂದ ಸಾಧಾರಣ ಸೌಲಭ್ಯದ ಆಸ್ಪತ್ರೆಗೂ ಒಗ್ಗುತ್ತದೆ. ಮೂತ್ರಕೋಶದ ನೆತ್ತಿಯ ಒಡಕು, ವಪೆಯ ಹರಕು ಹೊಲಿಯುವುದೂ ಸಾಧ್ಯ. ಬೆನ್ನೆಲುಬಿನ ಮೇಲೆ ಒತ್ತಿ ತುಂಡಾದ ಮೇದೋಜ್ಜೀರಕದ ಬಾಲಭಾಗವನ್ನು ಗುಲ್ಮ ಉಳಿಸಿಕೊಂಡು ತೆಗೆಯುವುದು ಪರಿಣತ ಕೇಂದ್ರಗಳ ಕೆಲಸ. ನಾಳ ತುಂಡಾದ ಮಗುವಿಗೆ ಬೇಗ ಶಸ್ತ್ರಚಿಕಿತ್ಸೆ ಮಾಡುವುದು ಮೇಲೋ, ಕಾದು, ಆಮೇಲೆ ಕಟ್ಟಿಕೊಳ್ಳುವ ದ್ರವದ ಗಂಟನ್ನು ಬರಿದು ಮಾಡುವುದು ಮೇಲೋ ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಯಕೃತ್ತು ಸೀಳಿ ದಿನಗಳ ಮೇಲೆ ಪಿತ್ತ ಸೋರಿ ಹೊಟ್ಟೆ ಉಬ್ಬರಿಸಿದ ಮಗುವಿಗೆ, ಉದರದರ್ಶಕದಿಂದ ಹೊಟ್ಟೆ ತೊಳೆದು ಸೋರುಕೊಳವೆ ಇಟ್ಟರೆ ಬಹುಬೇಗ ಚೇತರಿಕೆ ಕಾಣುತ್ತದೆ.

ಮುಂಗರುಳಿನ ಗೋಡೆಯೊಳಗೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದಾಗ ಏನನ್ನೂ ಕೊಯ್ಯದೆ, ಬಾಯಿಗೆ ಆಹಾರ ನಿಲ್ಲಿಸಿ, ಜಠರದಲ್ಲಿ ಕೊಳವೆಯಿಟ್ಟು, ರಕ್ತನಾಳದಿಂದ ಪೋಷಣೆ ಕೊಡುತ್ತ ಒಂದರಿಂದ ಮೂರು ವಾರ ಕಾದರೆ ಅದು ಸಾಮಾನ್ಯವಾಗಿ ಕರಗುತ್ತದೆ. ಚಿಕ್ಕ ಮಗುವಿನಲ್ಲಿ ನಂಬುವಂಥ ಅಪಘಾತದ ವಿವರಣೆಯಿಲ್ಲದೆ ಈ ಗಾಯ ಕಂಡರೆ, ಯಾರಾದರೂ ಹೊಡೆದಿರಬಹುದೇ ಎಂಬುದನ್ನು ವಿಚಾರಿಸುವುದು ವೈದ್ಯನ ಹೊಣೆ.

ನಿಷೇಧಗಳೂ ಅಪಾಯಗಳೂ ಅಷ್ಟೇ ಸ್ಪಷ್ಟವಾಗಿವೆ. ರಕ್ತದೊತ್ತಡ ಕುಸಿದ ಮಗುವಿಗೆ ಉದರದರ್ಶನ ಸಲ್ಲದು. ತುಂಬಿದ ಗಾಳಿ ಹೃದಯಕ್ಕೆ ಮರಳುವ ರಕ್ತವನ್ನು ತಡೆದು ಉಳಿದಿದ್ದ ಆಸರೆಯನ್ನೂ ಕಸಿಯುತ್ತದೆ. ತಲೆಗೆ ತೀವ್ರ ಪೆಟ್ಟಾಗಿದ್ದರೆ ಇಂಗಾಲದ ಡೈಆಕ್ಸೈಡ್ ರಕ್ತಕ್ಕೆ ಸೇರಿ ಮೆದುಳಿನ ಒತ್ತಡ ಏರಿಸುತ್ತದೆ. ವಪೆ ಹರಿದಿದ್ದರೆ ಅನಿಲ ಎದೆಗೂಡಿಗೆ ನುಗ್ಗಿ ಶ್ವಾಸಕೋಶ ಕುಗ್ಗಿಸಬಹುದು; ಯಕೃತ್ತಿನ ದೊಡ್ಡ ಅಭಿಧಮನಿ ಸೀಳಿದ್ದರೆ ಅನಿಲದ ಗುಳ್ಳೆ ಹೃದಯಕ್ಕೆ ಹೋಗಬಹುದು. ರಕ್ತಸ್ರಾವ ನಿಲ್ಲದ ಗುಲ್ಮ, ಯಕೃತ್ತುಗಳಿಗೆ ಕಿರುರಂಧ್ರದ ಇನ್ನೊಂದು ಮಾರ್ಗವಿದೆ: ತೊಡೆಯ ಧಮನಿಯಿಂದ ಸಪೂರ ನಳಿಕೆ ತೂರಿಸಿ, ಸೋರುವ ನಾಳವನ್ನು ಒಳಗಿನಿಂದಲೇ ಮುಚ್ಚುವುದು. ದೊಡ್ಡವರಲ್ಲಿ ವಾಡಿಕೆಯಾಗಿರುವ ಇದು ಮಕ್ಕಳಲ್ಲಿ ಅಪರೂಪಕ್ಕೆ ಬೇಕಾಗುತ್ತದೆ ಮತ್ತು ದೊಡ್ಡ ನಗರಗಳ ಆಚೆ ಸುಲಭವಾಗಿ ದೊರೆಯುವುದಿಲ್ಲ.

ಸಿದ್ದಾಪುರದಿಂದ ಥಿಯೇಟರಿನವರೆಗೆ

ಮಗು ಯಾವ ಚಿಕಿತ್ಸೆಗೆ ಅರ್ಹವಾಗಿ ಉಳಿಯುತ್ತದೆ ಎಂಬುದು ದೊಡ್ಡ ಆಸ್ಪತ್ರೆ ಮುಟ್ಟುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಸಿದ್ದಾಪುರದ ಸುತ್ತಿನ ಹಳ್ಳಿಯಿಂದ ಹೊರಟ ಮಗುವಿಗೆ ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು ಸಿಗುವ ಹತ್ತಿರದ ಪಟ್ಟಣ ಗಂಗಾವತಿ. ಅಲ್ಲಿಂದ ಮುಂದೆ 2015ರಲ್ಲಿ ಆರಂಭವಾದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, 1961ರಲ್ಲಿ ಆರಂಭವಾಗಿ ಬಹುಕಾಲ ವಿಮ್ಸ್ ಎನಿಸಿದ್ದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು, ಪೂರ್ವಕ್ಕೆ ರಾಯಚೂರಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ರಿಮ್ಸ್ ಇವೆ. ಕುಷ್ಟಗಿ, ಯಲಬುರ್ಗಾ ಕಡೆಯವರಿಗೆ ಬಾಗಲಕೋಟೆಯೂ, ಕೊಪ್ಪಳದಿಂದ ನೂರು ಕಿಲೋಮೀಟರಿಗೂ ಆಚೆಗಿರುವ, ಕಿಮ್ಸ್ ಎಂದೇ ಹೆಸರಾಗಿದ್ದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ರೂಢಿಯ ದಾರಿಗಳು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ, ಮಕ್ಕಳಿಗೆಂದೇ ಇರುವ ಆಸ್ಪತ್ರೆ ಇಡೀ ರಾತ್ರಿಯ ಪ್ರಯಾಣದಷ್ಟು ದೂರ.

ಈ ದಾರಿಯಲ್ಲಿ ಮಾಡಬೇಕಾದದ್ದು ಮತ್ತು ಮಾಡಬಾರದ್ದು ಎರಡೂ ಇವೆ. ಬಾಯಿಗೆ ನೀರು, ಚಹಾ ಏನನ್ನೂ ಕೊಡದಿರುವುದು, ಹೊಟ್ಟೆಗೆ ಎಣ್ಣೆ ಹಚ್ಚಿ ನೀವದಿರುವುದು ಮನೆಯವರಿಗೆ ಸೇರಿದ್ದು. ಮೊದಲ ಆಸ್ಪತ್ರೆಯಲ್ಲಿ ಆಮ್ಲಜನಕ, ಎರಡು ರಕ್ತನಾಳಗಳಲ್ಲಿ ಸೂಜಿ, ಪ್ರತಿ ಕಿಲೋಗೆ 20 ಮಿ.ಲೀ.ನಂತೆ ಸಲೈನ್, ಅದಕ್ಕೂ ನಾಡಿ ಇಳಿಯದಿದ್ದರೆ ಪ್ರತಿ ಕಿಲೋಗೆ 10 ಮಿ.ಲೀ.ನಂತೆ ರಕ್ತ ಕೊಡಬೇಕು. ಸಲೈನಿಗೆ ಸ್ಪಂದಿಸಿದ ಮಗುವನ್ನು ಮುಂದೆ ಕಳಿಸಬಹುದು. ಸ್ಪಂದಿಸದೆ ಹೊಟ್ಟೆ ಉಬ್ಬುತ್ತಿರುವ ಮಗುವನ್ನು ರೆಫರ್ ಮಾಡಿ ಆಂಬುಲೆನ್ಸ್ ಹತ್ತಿಸುವುದಕ್ಕಿಂತ, ಗಂಗಾವತಿಯಲ್ಲೋ ಕೊಪ್ಪಳದಲ್ಲೋ ಸಾಮಾನ್ಯ ಶಸ್ತ್ರಚಿಕಿತ್ಸಕರೇ ಹೊಟ್ಟೆ ತೆರೆದು, ಸೋರುವ ಜಾಗಕ್ಕೆ ಬಟ್ಟೆಯ ಪ್ಯಾಡ್ ಒತ್ತಿಟ್ಟು ರಕ್ತ ನಿಲ್ಲಿಸಿ, ಆಮೇಲೆ ಕಳಿಸುವುದು ಸರಿ. ದೊಡ್ಡ ಗಾಯದ ಗುರುತು ಉಳಿಯುತ್ತದೆಂಬ ಕಾರಣಕ್ಕೆ ಅದನ್ನು ಕೀಳು ಚಿಕಿತ್ಸೆ ಎಂದು ಎಣಿಸುವುದು ತಪ್ಪು.

ವಯಸ್ಕರ ಅಪೆಂಡಿಕ್ಸ್, ಪಿತ್ತಕೋಶಗಳನ್ನು ಉದರದರ್ಶಕದಿಂದ ತೆಗೆಯುವ ಆಸ್ಪತ್ರೆಗಳಲ್ಲಿ ಇರುವ 5 ಮಿ.ಮೀ. ಉಪಕರಣಗಳೇ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೂ ಸಾಕಾಗುತ್ತವೆ. ಶಿಶುಗಳಿಗೆ 3 ಮಿ.ಮೀ. ಉಪಕರಣ ಮತ್ತು ಮಕ್ಕಳ ಅರಿವಳಿಕೆಯಲ್ಲಿ ಪಳಗಿದ ತಜ್ಞರು ಬೇಕು. ಕೊರತೆ ಹೆಚ್ಚಾಗಿ ಎರಡನೆಯದರದ್ದು. ಯಂತ್ರ ಕೊಳ್ಳುವುದು ಟೆಂಡರಿನಿಂದ ಆಗುತ್ತದೆ, ರಾತ್ರಿ ಎರಡು ಗಂಟೆಗೆ ನಾಲ್ಕು ವರ್ಷದ ಮಗುವಿಗೆ ಅರಿವಳಿಕೆ ಕೊಡಬಲ್ಲವರನ್ನು ಜಿಲ್ಲೆಯಲ್ಲಿ ಉಳಿಸಿಕೊಳ್ಳುವುದು ಹಾಗೆ ಆಗುವುದಿಲ್ಲ.

ಸಾಗಣೆ ಮತ್ತು ಖರ್ಚಿನ ಹೊರೆ ಹಗುರವಾಗಿಸಲು ರಾಜ್ಯದಲ್ಲಿ ಕೆಲವು ವ್ಯವಸ್ಥೆಗಳು ಬಂದಿವೆ. 108 ಸಂಖ್ಯೆಯ ಆರೋಗ್ಯ ಕವಚ ಆಂಬುಲೆನ್ಸ್ ಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. 2016ರ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯು ರಸ್ತೆ ಅಪಘಾತಕ್ಕೊಳಗಾದವರ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗಿನ ನೆರವನ್ನು ಘೋಷಿಸಿತು. ಗಾಯಾಳುವಿಗೆ ನೆರವಾದವರನ್ನು ಪೊಲೀಸ್, ನ್ಯಾಯಾಲಯದ ಅಲೆದಾಟದಿಂದ ರಕ್ಷಿಸುವ ಕಾನೂನನ್ನೂ ಅದೇ ವರ್ಷ ರಾಜ್ಯ ರೂಪಿಸಿತು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಕೂಲಿಯ ಮೇಲೆ ಬದುಕುವ ಮನೆಗೆ ಆಸ್ಪತ್ರೆಯ ಬಿಲ್ಲಿನಷ್ಟೇ ಭಾರವಾಗುವುದು ತಂದೆ ತಾಯಿ ಇಬ್ಬರೂ ಕಳೆದುಕೊಳ್ಳುವ ದುಡಿಮೆಯ ದಿನಗಳು. ನೋವು ಕಡಿಮೆಯಾಗಿ, ಬೇಗ ಊಟ ಸೇರಿ, ಬೇಗ ಮನೆಗೆ ಹೋಗಬಹುದಾದ ಕಿರುರಂಧ್ರ ವಿಧಾನದ ಲಾಭವನ್ನು ಆ ಲೆಕ್ಕದಲ್ಲೂ ಎಣಿಸಬೇಕು. ಅಪಘಾತದ ಪ್ರಕರಣವನ್ನು ಎಂ.ಎಲ್.ಸಿ., ಅಂದರೆ ವೈದ್ಯಕೀಯ-ಕಾನೂನು ಪ್ರಕರಣ, ಎಂದು ದಾಖಲಿಸುವುದು ಕಡ್ಡಾಯವಾದರೂ ಪೊಲೀಸರು ಬರುವವರೆಗೆ ಚಿಕಿತ್ಸೆ ನಿಲ್ಲಿಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ.

ಚೇತರಿಕೆ

ಕಿರುರಂಧ್ರ ಶಸ್ತ್ರಚಿಕಿತ್ಸೆಯ ಬಳಿಕ ಒಂದೆರಡು ದಿನ ಹೆಗಲು ನೋಯುವುದುಂಟು. ಉಳಿದ ಅನಿಲ ವಪೆಯನ್ನು ಕೆರಳಿಸುವುದರಿಂದ ಬರುವ ನೋವು ಅದು, ತಾನಾಗಿ ಹೋಗುತ್ತದೆ. ಆದರೆ ಶಸ್ತ್ರಚಿಕಿತ್ಸೆಯಿಲ್ಲದೆ ಮನೆಗೆ ಹೋದ ಮಗುವಿನ ಎಡ ಹೆಗಲು ಹೊಸದಾಗಿ ನೋಯತೊಡಗಿದರೆ ಗುಲ್ಮದಿಂದ ಮತ್ತೆ ರಕ್ತ ಸೋರುತ್ತಿದೆಯೇ ಎಂದು ಅನುಮಾನಿಸಬೇಕು. ಗಟ್ಟಿ ಅಂಗದ ಗಾಯ ಮಾಯುವವರೆಗೆ ಮರ ಹತ್ತುವುದು, ಸೈಕಲ್, ಕಬಡ್ಡಿ, ಕುಸ್ತಿ ನಿಷಿದ್ಧ. ಶಾಲೆಗೆ ಹೋಗಲು ಅಡ್ಡಿಯಿಲ್ಲ. ಮೇದೋಜ್ಜೀರಕಕ್ಕೆ ಪೆಟ್ಟಾದ ಮಗುವಿಗೆ ಮೂರು ನಾಲ್ಕು ವಾರಗಳ ಮೇಲೆ ಹೊಟ್ಟೆ ಉಬ್ಬರ, ವಾಂತಿ ಬಂದರೆ ದ್ರವದ ಗಂಟು ಕಟ್ಟಿರಬಹುದು. ಅಲ್ಟ್ರಾಸೌಂಡ್ ಅದನ್ನು ಸುಲಭವಾಗಿ ತೋರಿಸುತ್ತದೆ. ಗುಲ್ಮ ತೆಗೆಯಲೇಬೇಕಾಗಿ ಬಂದ ಮಗುವಿಗೆ ನ್ಯೂಮೊಕಾಕಸ್, ಮೆನಿಂಗೊಕಾಕಸ್, ಹಿಮೊಫಿಲಸ್ ಲಸಿಕೆಗಳನ್ನು ಹಾಕಿಸಿ, ದಿನನಿತ್ಯದ ಪೆನಿಸಿಲಿನ್ ಔಷಧಿಯನ್ನು ವರ್ಷಗಟ್ಟಲೆ ಕೊಡಬೇಕಾಗುತ್ತದೆ. ಮಲೇರಿಯ ಅಂಥ ಮಗುವಿಗೆ ಇತರರಿಗಿಂತ ಹೆಚ್ಚು ಅಪಾಯಕಾರಿ. ಗುಲ್ಮವಿಲ್ಲ ಎಂಬ ಸಂಗತಿಯನ್ನು ಬಿಡುಗಡೆ ಪತ್ರದಲ್ಲಿ ತಂದೆ ತಾಯಿಗೆ ಓದಲು ಬರುವಂತೆ ಕನ್ನಡದಲ್ಲಿ ಬರೆದುಕೊಟ್ಟರೆ, ಮುಂದೆ ಯಾವ ಊರಿನ ಯಾವ ವೈದ್ಯರ ಬಳಿ ಜ್ವರಕ್ಕೆಂದು ಹೋದರೂ ಮೊದಲು ತೋರಿಸಬೇಕಾದ ಕಾಗದ ಅದೇ ಆಗುತ್ತದೆ.